ಹೆಕ್ಕಪ್ಪ ಎತ್ತದೆ ಬಿಟ್ಟ ಹಲ್ಲುಸೆಟ್ಟು

ತಕ್ಕಡಿ ರಿಪೇರಿ ಮಾಡುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಯಾವುದೋ ಸರ್ಟಿಫಿಕೇಟಿನೊಳಗೆ ಸುಖವಾಗಿ ಮಲಗಿತ್ತು. ಊರವರ ಬಾಯಲ್ಲಿ ಅವನು ಹೆಕ್ಕಪ್ಪ. ರಸ್ತೆಯಲ್ಲಿ ಬಿದ್ದದ್ದನ್ನೆಲ್ಲ ಹೆಕ್ಕಿಕೊಂಡು ಬರುವವನನ್ನು ಇನ್ನೇನಂತ ಕರೆಯಬೇಕು ಹೇಳಿ. ಮನೆಯಿಂದ ವರ್ಕ್‌ಶಾಪಿಗೆ ಹನ್ನೊಂದು ಕಿಲೋಮೀಟರು, ಇಪ್ಪತ್ತಾರು ವರ್ಷ ದಿನಾ ಸೈಕಲ್ಲಿನಲ್ಲೇ ಹೋಗಿ ಬಂದವನು. ಕಾರಿನವನಿಗೆ ಮುಂದಿನ ಕಾರು ಕಾಣುತ್ತದೆ, ನಡೆಯುವವನಿಗೆ ತನ್ನ ಕಾಲುನೋವು ಕಾಣುತ್ತದೆ. ರಸ್ತೆಯ ಅಂಚು ಸರಿಯಾಗಿ ಕಾಣುವುದು ಸೈಕಲ್ಲಿನವನಿಗೆ ಮಾತ್ರ, ಯಾಕೆಂದರೆ ಉಳಿದವರೆಲ್ಲ ಸೇರಿ ಅವನನ್ನು ಅಲ್ಲಿಗೇ ತಳ್ಳಿರುತ್ತಾರೆ.

ಆ ಅಂಚಿನಲ್ಲಿ ಏನು ಬಿದ್ದಿರುತ್ತದೆ ಅಂತ ಕೇಳಬೇಡಿ, ಏನು ಬಿದ್ದಿರುವುದಿಲ್ಲ ಅಂತ ಕೇಳಿ. ಸ್ಪ್ಯಾನರು, ಬೋಲ್ಟು, ಒಂಟಿ ಚಪ್ಪಲಿ ಇವೆಲ್ಲ ದಿನದ ಮಾತು. ಹೆಕ್ಕಪ್ಪನಿಗೆ ಸಿಕ್ಕಿದ್ದೇ ಬೇರೆ. ಹನ್ನೊಂದು ರಬ್ಬರ್ ಕೈಗವಸುಗಳು, ಹನ್ನೊಂದೂ ಎಡಗೈಯವು. ಎತ್ತರ ಜಿಗಿತದಲ್ಲಿ ಎರಡನೇ ಬಹುಮಾನದ ಕಪ್ಪು. ಒಂದು ವಿಗ್ಗು, ಅದನ್ನು ಅವನು ಮೊದಲು ಸತ್ತ ಬೆಕ್ಕು ಅಂದುಕೊಂಡು ಮರುಗಿದ್ದ. ಯಾರದೋ ಮದುವೆಯ ಫೋಟೋ, ಫ್ರೇಮ್ ಸಮೇತ. ಮತ್ತೊಂದು ದಿನ ಊರುಗೋಲು. ಒಂದೇ ಒಂದು. ಅದರ ಯಜಮಾನ ಮನೆಗೆ ಹೇಗೆ ಹೋದನೋ ಎಂದು ಯೋಚಿಸಿ ಯೋಚಿಸಿ ಹೆಕ್ಕಪ್ಪನಿಗೆ ವಾರವಿಡೀ ಊಟ ರುಚಿಸಲಿಲ್ಲ.

ಅವನೇನು ದುರಾಸೆಯವನಲ್ಲ, ಅದು ಗೊತ್ತಿರಲಿ. ಒಂದು ವಸ್ತುವನ್ನೂ ಮಾರಿದವನಲ್ಲ, ಬಳಸಿದವನೂ ಅಲ್ಲ. ಪ್ರತಿಯೊಂದಕ್ಕೂ ಒಬ್ಬ ವಾರಸುದಾರ ಇದ್ದಾನೆ, ಅವನು ಎಲ್ಲೋ ಪೇಚಾಡುತ್ತಿದ್ದಾನೆ, ಇವತ್ತಲ್ಲ ನಾಳೆ ಬರುತ್ತಾನೆ ಎಂಬುದು ಅವನ ನಂಬಿಕೆ. ಇಪ್ಪತ್ತಾರು ವರ್ಷದಲ್ಲಿ ಬಂದವರು ಇಬ್ಬರು. ಒಬ್ಬ ತನ್ನ ಸೀಟಿ ತೆಗೆದುಕೊಂಡು, ಊದಿ ನೋಡಿ, ಹೋದ. ಇನ್ನೊಬ್ಬ ಕೋಣೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿ, ಇವೆಲ್ಲವೂ ತನ್ನವೇ ಅಂದ.

ಈ ಕೋಣೆಯದೇ ತಕರಾರು. ಮನೆಯ ಮುಂಭಾಗದಲ್ಲಿ ರಸ್ತೆಗೆ ಕಿಟಕಿ ಇರುವ ಪುಟ್ಟ ಕೋಣೆ. ಹೆಕ್ಕಪ್ಪನ ಹೆಂಡತಿ ಹೊಲಿಗೆಯವಳು, ಬೆಳಕು ಬೀಳುವ ಆ ಕೋಣೆ ಅವಳಿಗೆ ಬೇಕಿತ್ತು. ಕೋಣೆ ತುಂಬ ಊರವರ ಸಾಮಾನು ಕೂತು, ಹೊಲಿಗೆ ಮೆಷಿನ್ನು ಅಡುಗೆಮನೆಯಲ್ಲಿ ಗ್ಯಾಸಿನ ಪಕ್ಕ ಕೂತಿತ್ತು. ಹಲ್ಲು ಕಚ್ಚಿ ಸಹಿಸಿದಳು ಪಾಪ. ಆದರೆ ಒಂದು ದಿನ ಗಿರಾಕಿಯೊಬ್ಬಳು ಹೊಸ ಅಂಗಿ ತೊಟ್ಟು ನೋಡಲು ಆ ಕೋಣೆಗೆ ಹೋಗಿ, ತೋಳು ಹಾಕುವ ಭರದಲ್ಲಿ ಹಿಂದಕ್ಕೆ ವಾಲಿ, ಲಾರಿಯ ಹಾರನ್ನಿನ ರಬ್ಬರ್ ಗುಂಡಿನ ಮೇಲೆ ಕೂತುಬಿಟ್ಟಳು. ಹಾರನ್ನು ಅಂದರೆ ಅಂಥಿಂಥ ಹಾರನ್ನಲ್ಲ. ಆಕೆ ಅರ್ಧ ತೊಟ್ಟ ಅಂಗಿಯಲ್ಲೇ ಬೀದಿಗೆ ಓಡಿದಳು, ಬೀದಿಯವರು ಲಾರಿ ಬಂತೆಂದು ಪಕ್ಕಕ್ಕೆ ಹಾರಿದರು.

ಅವತ್ತು ಸಂಜೆ ಹೆಂಡತಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಇವತ್ತಿನಿಂದ ಮೂವತ್ತು ದಿನ. ದಾರಿಯಲ್ಲಿ ಬಿದ್ದ ಒಂದು ಮೊಳೆಯನ್ನೂ ಎತ್ತಬಾರದು, ಅದು ಈ ಹೊಸ್ತಿಲು ದಾಟಬಾರದು. ದಾಟಿದರೆ ಸೈಕಲ್ಲು ಮೂಲೆಯ ಗುಜರಿಯವನ ಪಾಲು, ಆಮೇಲೆ ಬಸ್ಸಿನಲ್ಲಿ ಹೋಗಿ. ಗುಜರಿಯವನಿಗೆ ಹೇಳಿಯೂ ಬಂದಿದ್ದಳು, ಅವನು ಅವತ್ತಿನಿಂದ ಸೈಕಲ್ಲನ್ನು ಹೆಣ್ಣು ನೋಡಲು ಬಂದವನ ಹಾಗೆ ನೋಡತೊಡಗಿದ್ದ.

ಬಸ್ಸು ಅಂದರೆ ಹೆಕ್ಕಪ್ಪನಿಗೆ ಸಾವು. ಬಸ್ಸಿನ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಒಮ್ಮೆ ಹತ್ತಿದ್ದಾಗ ಮೂರನೇ ಸ್ಟಾಪಿನಲ್ಲಿ ಕಂಡಕ್ಟರನ ಹೆಗಲ ಮೇಲೆಯೇ ಬೆಳಗಿನ ತಿಂಡಿ ಒಪ್ಪಿಸಿದ್ದ. ಸೈಕಲ್ಲು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಮರ್ಯಾದೆ ಹೋಯಿತು, ಇವೆಲ್ಲಕ್ಕಿಂತ ಮೊದಲು ಬೆಳಗಿನ ಗಾಳಿಯಲ್ಲಿ ಪೆಡಲು ತುಳಿಯುವ ಆ ಮುಕ್ಕಾಲು ಗಂಟೆಯ ಸಂತೋಷ ಹೋಯಿತು. ಅದನ್ನು ಬಿಟ್ಟು ಬದುಕಲು ಅವನಿಗೆ ಮನಸ್ಸಿರಲಿಲ್ಲ. ಒಪ್ಪಿಕೊಂಡ.

ಒಪ್ಪಿಕೊಂಡದ್ದೇ ತಡ, ರಸ್ತೆಗೆ ಹುಚ್ಚು ಹಿಡಿಯಿತು. ಮೂರನೇ ದಿನ ಹೊಳೆಯುವ ಸ್ಪ್ಯಾನರು. ಒಂಬತ್ತನೇ ದಿನ ಗೋಡೆ ಗಡಿಯಾರ, ಇನ್ನೂ ಓಡುತ್ತಿತ್ತು, ಟೈಮೂ ಸರಿಯಾಗಿತ್ತು. ಹದಿನೇಳನೇ ದಿನ ಕಾಗದ ಕೂಡ ಬಿಚ್ಚದ ಹೊಸ ಕೊಡೆ. ಕಣ್ಣಿಗೆ ಬಿದ್ದರೆ ತಾನೇ ಕೈ ಚಾಚುವುದು ಎಂದು ಅವನು ಆಕಾಶ ನೋಡುತ್ತಾ ತುಳಿಯತೊಡಗಿದ, ಹಾಗೆ ತುಳಿದು ಒಂದು ದೀಪದ ಕಂಬವನ್ನೂ, ಒಬ್ಬ ಪೇಂಟರನ್ನೂ ಗುದ್ದಿದ. ವರ್ಕ್‌ಶಾಪಿನ ಮಾಲೀಕ, ನಿನ್ನ ಹೆಂಡತಿ ನಿನಗೆ ಬುದ್ಧಿ ಕಲಿಸ್ತಿದ್ದಾಳೋ ಆಸ್ಪತ್ರೆಗೆ ಸೇರಿಸ್ತಿದ್ದಾಳೋ ಎಂದು ಕೇಳಿದ.

ಇಪ್ಪತ್ತೊಂಬತ್ತನೇ ದಿನ ಬೆಳಿಗ್ಗೆ, ಹಂಚಿನ ಗೋಡೌನಿನ ಎದುರು, ರಸ್ತೆಯ ಅಂಚಿನಲ್ಲಿ, ಹಲ್ಲು.

ಒಂದಲ್ಲ. ಮೇಲ್ದವಡೆಯ ಸೆಟ್ಟು ಪೂರ್ತಿ, ಗುಲಾಬಿ ಒಸಡಿನ ಸಮೇತ, ಅವನನ್ನು ನೋಡಿ ನಗುತ್ತಿತ್ತು. ಹೆಕ್ಕಪ್ಪ ಬ್ರೇಕು ಹಾಕಿದ. ಇಳಿದ. ಕೊಡೆ ಹೋದರೆ ಮನುಷ್ಯ ನೆನೆಯುತ್ತಾನೆ ಅಷ್ಟೇ, ಹಲ್ಲು ಹೋದವನು ಇವತ್ತು ಏನು ತಿನ್ನುತ್ತಾನೆ? ಅತ್ತ ಎತ್ತಿದರೆ ಸೈಕಲ್ಲು ಹೋಗುತ್ತದೆ, ಇತ್ತ ಬಿಟ್ಟರೆ ಇನ್ನೈದು ನಿಮಿಷಕ್ಕೆ ಲಾರಿ ಬಂದು ಪುಡಿ ಮಾಡುತ್ತದೆ. ಕೂದಲೆಳೆಯಷ್ಟು ತೂಕದ ವ್ಯತ್ಯಾಸ ಹಿಡಿಯುವ ಕಸುಬಿನವನು ಅಲ್ಲವೇ, ಅಲ್ಲೇ ನಿಂತು ತೂಗಿದ. ಹೆಂಡತಿ ಹೇಳಿದ್ದು ಎತ್ತಿ ತರಬಾರದು ಅಂತ. ಸರಿಸಬಾರದು ಅಂತ ಹೇಳಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸೈಕಲ್ಲಿನ ಪಂಪು ಬಿಚ್ಚಿ, ಅದರ ತುದಿಯಿಂದ ಹಲ್ಲುಸೆಟ್ಟನ್ನು ಮೆಲ್ಲಗೆ ತಳ್ಳಿ ತಳ್ಳಿ, ಬೇಲಿಯ ಪೊದೆಯೊಳಗೆ ಜೋಪಾನವಾಗಿ ಸೇರಿಸಿದ. ಕೈ ಮುಟ್ಟಲಿಲ್ಲ. ಮಾತಿಗೂ ತಪ್ಪಲಿಲ್ಲ, ಹಲ್ಲಿಗೂ ಅಪಾಯವಿಲ್ಲ. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ವರ್ಕ್‌ಶಾಪಿನವರೆಗೂ ಸಿಳ್ಳೆ ಹಾಕಿಕೊಂಡು ಹೋದ.

ಸಂಜೆ ಐದಕ್ಕೆ ಮನೆಗೆ ಬಂದರೆ ಸೂತಕದ ಮನೆಯ ಹಾಗೆ ಎಲ್ಲ ಗಪ್‌ಚುಪ್. ತಮ್ಮ ತಂಗಿಯ ಮನೆಗೆ ಹೋಗಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಇವನು ಹೊರಟ ಸ್ವಲ್ಪ ಹೊತ್ತಿಗೇ ಆಟೋದಲ್ಲಿ ವಾಪಸು ಬಂದಿದ್ದರು. ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದರು. ಆಟೋದ ಕುಲುಕಾಟಕ್ಕೆ ಒಸಡು ನೋಯುತ್ತದೆಂದು ಹಲ್ಲುಸೆಟ್ಟು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡಿದ್ದರಂತೆ. ದಾರಿಯಲ್ಲಿ ಬಿಸ್ಕತ್ತು ತಿಂದು, ಪುಡಿ ಕೊಡವಲು ಅದೇ ಕರವಸ್ತ್ರವನ್ನು ಹೊರಗೆ ಝಾಡಿಸಿದರಂತೆ. ಎಲ್ಲಿ ಅಂದರೆ, ಹಂಚಿನ ಗೋಡೌನಿನ ಆಸುಪಾಸು.

ಹೆಕ್ಕಪ್ಪ ಕಳಚುತ್ತಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ. ಸುಮ್ಮನಿದ್ದರೆ ಆಗುತ್ತಿತ್ತು. ನಾಳೆ ಒಂದು ದಿನ ಕಳೆದರೆ ಸೈಕಲ್ಲು ಶಾಶ್ವತವಾಗಿ ತನ್ನದು. ಆದರೆ ಆ ಮುದುಕಿ ಸೆರಗಿನ ಮರೆಯಲ್ಲಿ ನೀರಿನಂಥ ಗಂಜಿ ಗುಟುಕರಿಸುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ನಾನು ನೋಡ್ದೆ," ಅಂದ. "ಬೆಳಿಗ್ಗೆ. ಅಲ್ಲೇ ಇತ್ತು."

"ನೋಡಿ?" ಅಂದಳು ಹೆಂಡತಿ.

"ಪೊದೆಯೊಳಗೆ ತಳ್ಳಿ ಬಂದೆ."

ಆಮೇಲೆ ಆ ಮನೆಯಲ್ಲಿ ಆದ ಮಾತುಕತೆಯನ್ನು ಪೂರ್ತಿ ಬರೆಯಲು ಕಾಗದ ಸಾಲದು. ತಾತ್ಪರ್ಯ ಇಷ್ಟು: ಬೀದಿಯಲ್ಲಿ ಹೋಗುವ ಮಾರಿಯನ್ನೆಲ್ಲ ಮನೆಗೆ ಕರೆತರುವವನಿಗೆ, ಸತ್ತ ಬೆಕ್ಕಿನಂಥ ವಿಗ್ಗಿಗೂ ಜಾಗ ಕೊಟ್ಟವನಿಗೆ, ಹೆಂಡತಿಯ ಹೆತ್ತಮ್ಮನ ಹಲ್ಲು ಮಾತ್ರ ಭಾರವಾಯಿತೇ? ಅವನು ಮಾತು ಕೊಟ್ಟಿದ್ದೆನಲ್ಲ ಅಂದ. ಮಾತು ಕೊಟ್ಟರೆ ತಲೆಯನ್ನೂ ಜೊತೆಗೆ ಕೊಟ್ಟುಬಿಡಬೇಕಾ ಎಂದು ಅವಳು ಕೇಳಿದಳು. ಅತ್ತೆಗೆ ಬೈಯುವ ಆಸೆ ಬಹಳ ಇತ್ತು, ಹಲ್ಲಿಲ್ಲದೆ ಬೈಗುಳವೆಲ್ಲ ಗಾಳಿಯಾಗಿ ಹೋಯಿತು.

ಬೆಳಕಿರುವಾಗಲೇ ಇಬ್ಬರೂ ಹೊರಟರು, ಹೆಂಡತಿ ಕ್ಯಾರಿಯರಿನ ಮೇಲೆ. ಮದುವೆಯಾದ ಹೊಸತರಲ್ಲಿ ಕೂತಿದ್ದವಳು, ಅದಾದ ಮೇಲೆ ಇವತ್ತೇ. ಪೊದೆಯ ಹತ್ತಿರ ಅವನು ಕೈ ಹಾಕಲು ಬಗ್ಗಿದ, ಅರ್ಧಕ್ಕೇ ನಿಂತ. ತಾನು ಎತ್ತಿದರೆ ಲೆಕ್ಕ ಹೇಗೆ ಎಂದು ಕೇಳಿದ. ಅವಳು ಅವನನ್ನು ಪಕ್ಕಕ್ಕೆ ನೂಕಿ, ಮುಳ್ಳು ಚುಚ್ಚಿಸಿಕೊಂಡು, ತಾನೇ ಎತ್ತಿ ಸೆರಗಿನ ತುದಿಯಲ್ಲಿ ಗಂಟು ಹಾಕಿದಳು.

ಮನೆಗೆ ತಂದು ಬಿಸಿನೀರಲ್ಲಿ ಮೂರು ಸಲ ತೊಳೆದು ಕೊಟ್ಟರೆ, ಅತ್ತೆ ಬಾಯಿಗೆ ಹಾಕಿಕೊಂಡರು. ಹಾಕಿಕೊಂಡ ಕೂಡಲೇ ಅವರ ಮುಖ ತುಂಬ ನಗು ಬಂತು. ಸಂತೋಷಕ್ಕಲ್ಲ, ಬಾಯಿ ಮುಚ್ಚಲಾಗದೆ. ಸಿಟ್ಟಿನಿಂದ ಕಣ್ಣು ಕೆಂಪು, ಕೆಳಗೆ ಮಾತ್ರ ದೊಡ್ಡ ನಗು. ಕಿತ್ತು ತೆಗೆದು, ಇದು ನನ್ನದಲ್ಲ, ಯಾವನೋ ಗಂಡಸಿನದು ಎಂದು ಸೊಟ್ಟ ಬಾಯಲ್ಲಿ ಹೇಳಿ, ಬಚ್ಚಲಿಗೆ ಓಡಿ ಬಾಯಿ ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು. ಅಷ್ಟರಲ್ಲಿ ಫೋನು ಬಂತು. ಅವರ ತಂಗಿ. ಅಕ್ಕಾ, ನಿನ್ನ ಹಲ್ಲು ನಮ್ಮನೇಲೇ ಲೋಟದಲ್ಲಿದೆಯಲ್ಲ, ಬೆಳಿಗ್ಗೆಯಿಂದ ಏನು ತಿಂದೆ ಎಂದು ಕೇಳಿದಳು. ಕರವಸ್ತ್ರದಲ್ಲಿ ಸುತ್ತಿದ್ದು ಬರೀ ಬಿಸ್ಕತ್ತು ಎಂದು ಆಗ ಗೊತ್ತಾಯಿತು.

ಮೂವರೂ ಆ ಹಲ್ಲನ್ನು ಒಂದು ಬಟ್ಟಲಿಗೆ ಹಾಕಿ ಅದರ ಸುತ್ತ ಕೂತರು. ಹೊಸ್ತಿಲು ದಾಟಿ ಬೀದಿಯ ವಸ್ತುವೊಂದು ಮನೆಗೆ ಬಂದಿತ್ತು, ತಂದವಳು ಹೆಂಡತಿ. ಕರಾರು ಕರಾರೇ. ಹೆಕ್ಕಪ್ಪ, ಹಾಗಾದರೆ ಗುಜರಿಯವನಿಗೆ ಬೆಳಿಗ್ಗೆಯೇ ಬರಲು ಹೇಳಲಾ ಎಂದು ಕೇಳಿದ. ಅವಳಿಗೆ ಕೇಳಿಸಲಿಲ್ಲ. ಬಟ್ಟಲನ್ನೇ ನೋಡುತ್ತಿದ್ದಳು. ಈ ಗಂಡಸು ಈಗ ಏನು ತಿನ್ನುತ್ತಿರಬಹುದು ಅಂದಳು. ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು, ಅವನಿಗೆ ಗಂಜಿ ಮಾಡಿಕೊಡುವವರು ಇದ್ದಾರೋ ಇಲ್ಲವೋ ಅಂದಳು. ಹೆಕ್ಕಪ್ಪ ಮತ್ತೆ ಗುಜರಿಯವನ ಮಾತೆತ್ತಿದ.

"ಸೈಕಲ್ ಮಾರಿದ್ರೆ ಇದರ ಯಜಮಾನನ್ನ ಹುಡುಕ್ಕೊಂಡು ಹೋಗೋದು ಯಾವುದ್ರಲ್ಲಿ?" ಅಂದಳು. "ಬಸ್ಸಲ್ಲಾ?"

ಮಾರನೆಯ ದಿನ ಭಾನುವಾರ. ಊಟದ ಡಬ್ಬಿಯಲ್ಲಿ ಹಲ್ಲು, ಕ್ಯಾರಿಯರಿನ ಮೇಲೆ ಹೆಂಡತಿ. ಗೋಡೌನಿನ ರಸ್ತೆಯಲ್ಲಿ ಒಂದೊಂದೇ ಬಾಗಿಲು ತಟ್ಟಿದರು. ಡಬ್ಬಿ ತೆರೆದು, ಇದು ನಿಮ್ಮದಾ ಎಂದು ಕೇಳುವುದು ಹೇಗಿರುತ್ತದೆ ಯೋಚಿಸಿ. ಒಬ್ಬ ತನ್ನ ಮೂವತ್ತೆರಡೂ ತೋರಿಸಿ ಬಾಗಿಲು ಹಾಕಿದ. ಒಬ್ಬಳು, ನಾವೇನೂ ಕೊಳ್ಳೋದಿಲ್ಲಮ್ಮ, ಮುಂದೆ ಹೋಗಿ ಅಂದಳು. ಕ್ಷೌರದಂಗಡಿಯವನು, ತನ್ನದಲ್ಲ, ಆದರೂ ಒಮ್ಮೆ ಹಾಕಿ ನೋಡುತ್ತೇನೆ ಅಂದ. ಹೆಕ್ಕಪ್ಪನಿಗೆ ಮಾತ್ರ ಇಷ್ಟು ಸಂತೋಷದ ದಿನ ನೆನಪಿರಲಿಲ್ಲ. ಹಿಂದೆ ಕೂತವಳು ದಾರಿಯುದ್ದಕ್ಕೂ ಯಜಮಾನನ ವಯಸ್ಸು, ದವಡೆಯ ಅಗಲ, ಒಂಟಿಯೋ ಸಂಸಾರಿಯೋ ಎಂದು ಚರ್ಚೆ ಮಾಡುತ್ತಿದ್ದಳು. ಇಪ್ಪತ್ತಾರು ವರ್ಷ ಅವನೊಬ್ಬನೇ ಮಾಡಿಕೊಂಡು ಬಂದ ಚರ್ಚೆ ಅದು.

ಕೊನೆಗೆ ಗೋಡೌನಿನ ಗೇಟು. ಮುದುಕ ಕಾವಲುಗಾರನೊಬ್ಬ ಟವೆಲಿನಿಂದ ಮೂಗಿನವರೆಗೂ ಮುಖ ಮುಚ್ಚಿಕೊಂಡು ಕೂತಿದ್ದ. ಏನು ಕೇಳಿದರೂ ತಲೆಯಾಡಿಸಿ ಹೋಗಿ ಹೋಗಿ ಎಂದು ಕೈ ಬೀಸಿದ. ಹೆಂಡತಿ ಮಾತ್ರ ಕದಲಲಿಲ್ಲ. ಗಿರಾಕಿಯ ಅಳತೆಯನ್ನು ಟೇಪಿಲ್ಲದೆ ಕಣ್ಣಲ್ಲೇ ತೆಗೆಯುವವಳು ಅವಳು. ಟವೆಲಿನ ಕೆಳಗೆ ಕೆನ್ನೆ ಎಷ್ಟು ಒಳಗೆ ಹೋಗಿದೆ ಎಂದು ನೋಡಿದಳು, ಮಾತಾಡದೆ ಡಬ್ಬಿ ತೆರೆದು ಅವನ ತೊಡೆಯ ಮೇಲಿಟ್ಟಳು.

ಮುದುಕ ಅತ್ತ ತಿರುಗಿ ಹಲ್ಲು ಕೂರಿಸಿಕೊಂಡ. ಇತ್ತ ತಿರುಗಿದಾಗ ಹತ್ತು ವರ್ಷ ಚಿಕ್ಕವನಾಗಿದ್ದ. ಕಣ್ಣಲ್ಲಿ ನೀರಾಡುತ್ತಿತ್ತು. ಒಂದು ದಿನದ ಮಾತೆಲ್ಲ ಒಟ್ಟಿಗೆ ಹೊರಬಂತು.

"ನಿನ್ನೆ ಬೆಳಿಗ್ಗೆ ಮಾಳಿಗೆ ಮೇಲೆ ನಿಂತಿದ್ದೆ ತಾಯಿ, ಒಂದು ಸೀನು ಬಂತು ನೋಡು, ಹಲ್ಲು ಸೀದಾ ರಸ್ತೆಗೆ ಹೋಯ್ತು. ಅಷ್ಟೊತ್ತಿಗೆ ಯಾವನೋ ಸೈಕಲ್ ನಿಲ್ಲಿಸ್ದ. ಪುಣ್ಯಾತ್ಮ ಎತ್ತಿಡ್ತಾನೆ ಅಂದ್ಕೊಂಡೆ. ಅವನು ಆ ಕಡೆ ನೋಡ್ದ, ಈ ಕಡೆ ನೋಡ್ದ, ಪಂಪು ತಗೊಂಡು ತಳ್ಳಿ ತಳ್ಳಿ ಬೇಲಿಗೆ ಸೇರಿಸಿ, ಸಿಳ್ಳೆ ಹಾಕ್ಕೊಂಡು ಹೋದ. ನಾನು ಕೂಗಿದ್ರೆ ಬರೀ ಗಾಳಿ. ಮಂಡಿನೋವಲ್ಲಿ ಇಳಿದು ಬಂದು ಮಧ್ಯಾಹ್ನದವರೆಗೂ ತಡಕಿದೀನಿ, ಈ ಕಣ್ಣಿಗೆ ಬೇಲಿಯೆಲ್ಲ ಒಂದೇ. ಎಂಥ ಹುಚ್ಚ ಇರಬೇಕು ಅವನು?"

ಹೆಕ್ಕಪ್ಪ ಪಂಪಿಗೆ ಬೆನ್ನು ಅಡ್ಡ ಹಿಡಿದು, ನೆಲ ನೋಡುತ್ತಾ ನಿಂತ. ಇನ್ನು ಸೈಕಲ್ಲಿನ ಕತೆ ಮುಗಿಯಿತು ಎಂದು ಅವನಿಗೆ ಖಾತ್ರಿಯಾಯಿತು. ಹೆಂಡತಿ ಅವನನ್ನು ಒಂದು ಕ್ಷಣ ನೋಡಿದಳು, ಪಂಪನ್ನೂ ನೋಡಿದಳು.

"ಅವನು ಹುಚ್ಚನಲ್ಲ ತಾತ," ಅಂದಳು. "ಅವನಿಗೆ ಒಬ್ಬಳು ಹೆಂಡ್ತಿ ಇದಾಳೆ. ಏನು ಕಂಡ್ರೂ ಎತ್ತಬೇಡ ಅಂತ ಅವಳೇ ಹೇಳಿ ಕಳಿಸಿದ್ಲು."

ಡಬ್ಬಿಯ ಮುಚ್ಚಳ ಹಾಕಿಕೊಂಡು, ಹೋಗಿ ಕ್ಯಾರಿಯರಿನ ಮೇಲೆ ಕೂತಳು.