ಗುಜರಿಗೆ ಹೋದ ನನ್ನ ಹಳೇ ಡಿಸ್ಕ್

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಆಗುವುದಿಲ್ಲ. ದಿನಾ ಲಿಂಗಪೂಜೆ ಮಾಡುವವಳು ಹೀಗೆಲ್ಲ ಬರೆಯಬಾರದು ಅಂತ ನನ್ನ ಯಜಮಾನರು ಹೇಳುತ್ತಾರೆ. ಅವರ ತಮ್ಮನ ಹೆಂಡತಿಯಲ್ಲವೇ, ಅವರು ಹೇಳಲೇಬೇಕು. ಆದರೆ ಇಪ್ಪತ್ತೆರಡು ವರ್ಷದಿಂದ, ಹರಿಹರದಿಂದ ಬಂದಾಗಲೆಲ್ಲ ನನ್ನ ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ಮೂಸಿ ನೋಡುವವಳ ಬಗ್ಗೆ ಇನ್ನೇನು ಬರೆಯಲಿ? ಅದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದೆ ಹೋದದ್ದು ಡಿಸ್ಕಿನ ವಿಷಯ.

ನನಗೆ ಸಕ್ಕರೆ ಕಾಯಿಲೆ. ಅದರ ಬೆನ್ನಿಗೇ ಬಲಭುಜ ಹಿಡಿದುಕೊಂಡಿತು. ಜಡೆ ಹಾಕಿಕೊಳ್ಳಲೂ ಕೈ ಮೇಲೇಳುತ್ತಿರಲಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯ ಡಾಕ್ಟರು, ಕೈ ಆಡಿಸುತ್ತಿರಿ, ಇಲ್ಲದಿದ್ದರೆ ಹಾಗೇ ಕೂತುಬಿಡುತ್ತದೆ ಅಂದರು. ಆಗ ವಿದ್ಯಾನಗರದ ನಮ್ಮ ಓಣಿಯ ನಿವೃತ್ತ ಡ್ರಿಲ್ ಟೀಚರು ನನ್ನನ್ನು ಡಿಸ್ಕ್ ಗಾಲ್ಫಿಗೆ ಎಳೆದರು. ಅವರು ಕಬ್ಬಿಣದ ಕಂಬಕ್ಕೆ ಸರಪಳಿ ಇಳಿಬಿಟ್ಟು, ಕೆಳಗೆ ಬುಟ್ಟಿ ವೆಲ್ಡಿಂಗ್ ಮಾಡಿಸಿ, ಅಂಥ ಮೂರನ್ನು ಮೈದಾನದಲ್ಲಿ ನಿಲ್ಲಿಸಿದ್ದರು. ದೂರದಿಂದ ಪ್ಲಾಸ್ಟಿಕ್ ಡಿಸ್ಕ್ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಕಡಿಮೆ ಎಸೆತದಲ್ಲಿ ಬುಟ್ಟಿಗೆ ಬೀಳಿಸಬೇಕು. ಇಷ್ಟೇ ಆಟ. ವಾಕಿಂಗಿಗೆ ಬರುತ್ತಿದ್ದ ನಾವು ಐದು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಆಡತೊಡಗಿದೆವು. ಕೈ ಮೇಲೆತ್ತದೆ ಸೊಂಟದ ಮಟ್ಟದಲ್ಲಿ ಬೀಸುವ ಆಟವಾದ್ದರಿಂದ ನನಗೂ ಆಗುತ್ತಿತ್ತು. ಶಿವ ಅಷ್ಟರಮಟ್ಟಿಗೆ ದಯೆ ತೋರಿಸಿದ್ದ.

"ಸೀರೆ ಆರಿಸಿದಂಗೆ ಬಣ್ಣ ನೋಡಬ್ಯಾಡ್ರಿ, ಅಂಚು ಒತ್ತಿ ನೋಡ್ರಿ" ಅಂತ ಟೀಚರು ಡಿಸ್ಕ್ ಆರಿಸುವುದನ್ನು ಕಲಿಸಿದರು. ಒಂದು ಜಾತಿ, ಕಲ್ಲುಸಕ್ಕರೆಯ ಹಾಗೆ ಬೆಳಕು ಹಾಯುವ ಗಟ್ಟಿ ಪ್ಲಾಸ್ಟಿಕ್. ಬೇವಿನ ಮರಕ್ಕೆ ಬಡಿದರೂ ಅಂಚಿಗೆ ಏನೂ ಆಗದು. ವರ್ಷಗಟ್ಟಲೆ ಹೊಸದರ ಬುದ್ಧಿಯನ್ನೇ ಇಟ್ಟುಕೊಂಡಿರುತ್ತದೆ. ಇನ್ನೊಂದು ಮಬ್ಬು ಬಣ್ಣದ್ದು, ಅಗ್ಗದ್ದು, ಕೈಗೆ ಹಿಡಿತ ಸಿಗುವಂಥದ್ದು. ಮೊದಲ ಮಳೆಗಾಲ ಕಳೆಯುವುದರೊಳಗೆ ಅದರ ಅಂಚೆಲ್ಲ ತರಚಿಹೋಗುತ್ತದೆ. ಹೊಸದಿದ್ದಾಗ ಎರಡೂ ಬಲಗೈಯವರಿಗೆ ಕೊನೆಯಲ್ಲಿ ಎಡಕ್ಕೆ ಬಾಗಿ ಬೀಳುತ್ತವೆ. ಕೈಯಲ್ಲಿ ಜೋರಿಲ್ಲದ ನನ್ನಂಥವರಿಗೆ ಇನ್ನೂ ಬೇಗ. ಅಗ್ಗದ್ದು ಸವೆಯುತ್ತ ಸವೆಯುತ್ತ ಆ ಹಟ ಬಿಟ್ಟು ನೆಟ್ಟಗೆ ಹೋಗತೊಡಗುತ್ತದೆ. ತೀರಾ ಸವೆದರೆ ಬಲಕ್ಕೆ ಹೊರಳುತ್ತದೆ. ನಡುವೆ ನೆಟ್ಟಗೆ ಹೋಗುವ ಕಾಲ ಸ್ವಲ್ಪವೇ. ನನ್ನ ನೀಲಿ ಡಿಸ್ಕ್ ನಾಲ್ಕು ವರ್ಷ ಮರಕ್ಕೆ, ಕಂಪೌಂಡಿಗೆ, ಕಲ್ಲಿಗೆ ಬಡಿದು ಆ ಕಾಲಕ್ಕೆ ಬಂದಿತ್ತು. ನನ್ನ ಕೈಗೆ ಬುಟ್ಟಿಯ ತನಕ ಹೋಗುತ್ತಿದ್ದದ್ದು ಅದೊಂದೇ.

ಶಿವರಾತ್ರಿಗೆ ಬಂದ ವಾರಗಿತ್ತಿ ಮರುದಿನ ಮೈದಾನಕ್ಕೂ ಬಂದಳು. ಅವಳಿಗೆ ನನ್ನ ಹೊಸ ಗಟ್ಟಿ ಡಿಸ್ಕ್ ಕೊಟ್ಟೆ. ಅದು ಎಡಕ್ಕೆ ಹೊಡೆದುಕೊಂಡು ಹೋಗಿ ಚರಂಡಿಗೆ ಬಿತ್ತು. ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕಿದ್ದೆ.

"ಚಲೋದು ನೀವಿಟ್ಕಂಡು ಕೆಟ್ಟಿದ್ದು ನನಗೆ ಕೊಟ್ರೇನಕ್ಕಾ?" ಅಂದಳು.

"ಅದು ಹೊಸದು ಕಣವ್ವಾ. ಪಳಗಿಲ್ಲ."

"ಹಂಗಾರೆ ಆ ಹಳೇದೇ ಕೊಡ್ರಿ. ಊರಾಗ ಕಲ್ತು ವಾರದಾಗ ವಾಪಸ್ ಕೊಡ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಅವಳ ಚೀಲದಲ್ಲಿತ್ತು. ಅಷ್ಟು ಜನರ ಎದುರಿಗೆ ಕಿತ್ತುಕೊಳ್ಳುವುದು ಹೇಗೆ?

ವಾರ ಹೋಗಿ ನಾಲ್ಕು ವಾರವಾಯಿತು. ಫೋನ್ ಮಾಡಿದಾಗಲೆಲ್ಲ "ಕಳಿಸ್ತೀನಿ ಬಿಡ್ರಿ" ಅನ್ನುತ್ತಿದ್ದಳು. ನಾನು ಹೊಸದನ್ನೇ ದೂರ ಕಳಿಸಲು ಹೋಗಿ, ಜೋರು ಹಾಕಿ ಹಾಕಿ, ಭುಜ ಮತ್ತೆ ಹಿಡಿಯಿತು. ಜಡೆಗೆ ಮತ್ತೆ ಪಕ್ಕದ ಮನೆಯವರ ಕೈ ಬೇಕಾಯಿತು. ಯುಗಾದಿಗೆ ಮೂರು ದಿನ ಇದೆ ಅನ್ನುವಾಗ, ಯಜಮಾನರಿಗೂ ಹೇಳದೆ ಹರಿಹರದ ಬಸ್ಸು ಹತ್ತಿದೆ.

ಅವಳು ಪಡಸಾಲೆಯಲ್ಲಿ ಕೂತು ಹೊಸ ಕೆಂಪು ಪ್ಲಾಸ್ಟಿಕ್ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಬರ್ರಿ ಅಕ್ಕಾ, ಕೂಡ್ರಿ."

"ಕೂಡಾಕೆ ಬಂದಿಲ್ಲ. ನನ್ನ ಡಿಸ್ಕ್ ಎಲ್ಲೈತೆ?"

"ಆ ತಾಟಾ? ಹಬ್ಬಕ್ಕೆ ಮನೆ ತೊಳೆಯೋವಾಗ ಗುಜರಿಯವಂಗೆ ಹಾಕ್ಬಿಟ್ಟೆ ಕಣ್ರೀ. ಅಂಚೆಲ್ಲ ನಾಯಿ ಕಡಿದಂಗಿತ್ತು. ಒಡಕು ಕೊಡದ ಜತಿಗೆ ಕೊಟ್ಟೆ, ಈ ಮೊರ ಕೊಟ್ಟ. ಚಲೋ ಐತಲ್ಲ?"

ಮೊರ ಎತ್ತಿ ತೋರಿಸಿದಳು. ಅಕ್ಕಿ ಚೆಲ್ಲಿತು.

"ನನ್ನ ಸಾಮಾನು ಕೊಡಾಕೆ ನೀನ್ಯಾರೇ?"

"ಒಂದು ಹಳೇ ಪ್ಲಾಸ್ಟಿಕ್ಕಿಗೆ ಹಿಂಗೆ ಹಾರಾಡ್ತೀರಲ್ಲ! ಹೊಸದು ಕೊಡಿಸ್ತೀನಿ ಬಿಡ್ರಿ. ಮನೆಗೆ ಬಂದೋರು ನೋಡಿದ್ರೆ ಏನಂದ್ಕಂತಾರೆ ಅಂತ ಹಾಕ್ದೆ."

"ನಿನ್ನ ಮನೆಗೆ ಬರೋರು ಡಬ್ಬಿ ಮೂಸಾಕೆ ಬರಲ್ಲ, ಹೆದರಬ್ಯಾಡ."

ಅವಳ ಮುಖ ಮೊರದ ಬಣ್ಣಕ್ಕೆ ತಿರುಗಿತು. ಇಪ್ಪತ್ತೆರಡು ವರ್ಷದ ಮಾತು ಅದು. ಹೊರಗೆ ಬಂದಮೇಲೆ ಹೊಟ್ಟೆಯೊಳಗೆ ಎಷ್ಟು ತಂಪಾಯಿತು ಅಂತ ನಾನೇ ಬಲ್ಲೆ. "ಉಂಡು ಹೋಗ್ರಿ" ಅಂತ ಬಾಗಿಲ ತನಕ ಬಂದಳು. "ನೀರೂ ಬ್ಯಾಡ. ಗುಜರಿ ಅಂಗಡಿ ಎಲ್ಲೈತೆ, ಅಷ್ಟು ಹೇಳು" ಅಂದೆ.

ಗುಜರಿ ಅಂಗಡಿಯ ಯಜಮಾನರು ವಯಸ್ಸಾದ ಸಾಬರು. ಸ್ಟೂಲಿನ ಮೇಲೆ ಕೂತು, ಬಂದ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದು, ಬೆರಳಿನಿಂದ ಬಡಿದು ಸದ್ದು ಕೇಳಿ ಬೇರೆ ಬೇರೆ ಗುಂಪಿಗೆ ಎಸೆಯುತ್ತಿದ್ದರು. ಹಿಂದೆ ಪುಡಿ ಮಾಡುವ ಮಿಷನ್ ಗರಗರ ಅನ್ನುತ್ತಿತ್ತು. ನೀಲಿ ಡಿಸ್ಕಿನ ವಿಷಯ ಹೇಳಿದೆ.

"ಐತೆ ಐತೆ ಅಮ್ಮಾ. ಬಕೀಟಲ್ಲ, ಕೊಡ ಅಲ್ಲ, ಯಾವ ಗುಂಪಿಗೆ ಹಾಕ್ಬೇಕು ಅಂತ ನನಗೇ ತಿಳೀಲಿಲ್ಲ. ಹಂಗಾಗಿ ಮಿಷನ್ನಿಗೆ ಹೋಗ್ಲಿಲ್ಲ."

ಅದಕ್ಕೊಂದು ಗುಂಪಿಲ್ಲದ್ದೇ ಅದರ ಪುಣ್ಯ. ಅವರು ತಗಡಿನ ಮೇಲಿಂದ ಎತ್ತಿಕೊಟ್ಟಾಗ ಮಾತ್ರ ನನಗೆ ಅಳು ಬಂತು. ಬಿಸಿಲಿಗೆ ಕಾದು, ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

"ಅಳಬ್ಯಾಡ್ರಿ. ಬಿಸಿಲಿಗೆ ಸತ್ತ ಮಾಲ್ ಬಗ್ಗಿಸಿದ್ರೆ ಪಟ್ ಅಂತೈತೆ, ಉಜ್ಜಿದ್ರೆ ಬಿಳೀ ಪುಡಿ ಬರ್ತೈತೆ. ಇದು ಏಟಿಗೆ ಸವೆದಿದ್ದು, ಒಳಗೆ ಜೀವ ಐತೆ. ಬಿಸಿನೀರಾಗ ಇಟ್ಟು ಸಪಾಟು ಕಲ್ಲಿನ ಮ್ಯಾಲೆ ಒಜ್ಜೆ ಹೇರ್ರಿ. ಕುದಿಯೋ ನೀರು ಹಾಕೀರಿ ಮತ್ತೆ, ಪೂರಾ ಕೆಡ್ತೈತೆ!"

ಏನು ಕೊಡಲಿ ಅಂದರೆ, "ಹಬ್ಬದ ಹೋಳಿಗೆ ಕಳಿಸ್ರಿ" ಅಂತ ನಕ್ಕರು. ಹಬ್ಬ ಕಳೆದ ಮರುದಿನವೇ ಕಳಿಸಿದೆ, ತುಪ್ಪದ ಸಮೇತ.

ಮನೆಗೆ ಬಂದು ಕೈ ತಾಳುವಷ್ಟು ಬಿಸಿನೀರಲ್ಲಿ ಅದನ್ನು ಮುಳುಗಿಸಿ, ಅಡುಗೆಮನೆಯ ಕಡಪಾ ಕಲ್ಲಿನ ಮೇಲಿಟ್ಟು, ಮೇಲೆ ಜೋಳದ ಹಿಟ್ಟಿನ ದೊಡ್ಡ ಡಬ್ಬಿ ಹೇರಿದೆ. ಎರಡು ದಿನ ಅಲುಗಿಸಲಿಲ್ಲ. ರೊಟ್ಟಿ ಮಾಡಲಿಲ್ಲ. ಯಜಮಾನರು ಅನ್ನ ಉಂಡುಕೊಂಡು ಸುಮ್ಮನಿದ್ದರು, ಅದೂ ಒಂದು ಪುಣ್ಯವೇ.

ಯುಗಾದಿಯ ಬೆಳಿಗ್ಗೆ ಪೂಜೆ ಮುಗಿಸಿ ಮೈದಾನಕ್ಕೆ ಹೋದೆ. ಶಿವನೇ ಅಂತ ಬೀಸಿದೆ. ಮೊದಲು ಒಂದಿಷ್ಟು ತೂಗಾಡಿತು, ಆಮೇಲೆ ಸುಧಾರಿಸಿಕೊಂಡು ನೆಟ್ಟಗೆ ಹೋಗಿ ಸರಪಳಿಗೆ ಬಡಿದು ಬುಟ್ಟಿಗೆ ಬಿತ್ತು. ಟೀಚರು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ವಾರಗಿತ್ತಿಯ ಫೋನ್ ಬಂತು. ನನ್ನ ಮೈದುನ ಚೆನ್ನಾಗಿ ಬೈದಿದ್ದನೆಂದು ಕಾಣುತ್ತದೆ, ದನಿ ಸಣ್ಣಗಾಗಿತ್ತು.

"ಅಕ್ಕಾ, ತಾಟು ಸಿಕ್ತಂತಲ್ಲ. ಮೊದ್ಲಿನಂಗೆ ಹಾರ್ತೈತಾ?"

"ಇಲ್ಲ. ಪೂರಾ ಸೊಟ್ಟಗಾಗೈತೆ. ಅದಿಲ್ಲದೆ ಭುಜ ಹಿಡಿದಿತ್ತಲ್ಲ, ಅದೂ ಹಂಗೇ ಐತೆ."

ಊಟಕ್ಕೆ ಕೂತಿದ್ದ ಯಜಮಾನರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದೆ.

ಸಂಜೆ ವಿಭೂತಿ ಹಚ್ಚಿಕೊಳ್ಳುವಾಗ ತಪ್ಪಾಯಿತು ಅಂತ ಶಿವನಿಗೆ ಹೇಳಿದ್ದೇನೆ. ಅವಳಿಗೆ ಇವತ್ತಿನ ತನಕ ಹೇಳಿಲ್ಲ. ಇದನ್ನು ಓದಿ ತಿಳಿದುಕೊಳ್ಳುತ್ತಾಳೆ ಅನ್ನುವ ಭಯವೂ ಇಲ್ಲ, ಕ್ಯಾಲೆಂಡರ್ ಬಿಟ್ಟು ಅವಳು ಏನನ್ನೂ ಓದಿದವಳಲ್ಲ. ಅವಳು ದಾವಣಗೆರೆಗೆ ಬಂದ ದಿನ ನಾನು ಆ ಹೊಸ ಗಟ್ಟಿ ಡಿಸ್ಕನ್ನೇ ಎಸೆಯುತ್ತೇನೆ. ಅದು ಎಡಕ್ಕೆ ಬಾಗಿ ಚರಂಡಿಯ ಕಡೆ ಹೋಗುತ್ತದೆ. ನಾನು ಭುಜ ಹಿಡಿದುಕೊಂಡು ನಿಲ್ಲುತ್ತೇನೆ. ಅವಳೇ ಹೋಗಿ ಎತ್ತಿಕೊಂಡು ಬರುತ್ತಾಳೆ.