ಹೆಂಗಸರ ಗೇಟಿನ ತಿಮ್ಮಕ್ಕ

ಬೆಳ್ಳಾರೆಯಿಂದ ಸುಳ್ಯಕ್ಕೆ ಹೋಗುವ ದಾರಿಯ ಬದಿಯಲ್ಲಿ ಸಂಗಮ ಗೆಳೆಯರ ಬಳಗದ ವಾಲಿಬಾಲ್ ಮೈದಾನ ಇದೆ. ಪ್ರತಿ ವರ್ಷ ಫೆಬ್ರವರಿಯ ಒಂದು ಭಾನುವಾರ ಅಲ್ಲಿ ಪಂದ್ಯಾಟ ನಡೆಯುತ್ತದೆ. ಪುತ್ತೂರು, ಕಡಬ, ಅತ್ತ ಕಲ್ಲುಗುಂಡಿಯಿಂದಲೂ ಜನ ಬರುತ್ತಾರೆ. ಮೈದಾನಕ್ಕೆ ಎರಡು ಗೇಟು, ಗಂಡಸರಿಗೆ ಒಂದು, ಹೆಂಗಸರಿಗೆ ಒಂದು. ಹೆಂಗಸರ ಗೇಟಿನಲ್ಲಿ ತಿಮ್ಮಕ್ಕ ನಲವತ್ತು ವರ್ಷ ನಿಂತು ಟಿಕೆಟು ಹರಿದಿದ್ದರು.

ಅವರನ್ನು ಅಲ್ಲಿ ಯಾರೂ ನೇಮಿಸಿದ್ದಲ್ಲ. ಬಳಗ ಶುರುವಾದ ಹೊಸತರಲ್ಲಿ ಇದ್ದದ್ದು ಒಂದೇ ಗೇಟು. ಗಂಡಸರ ನೂಕುನುಗ್ಗಲಿನ ನಡುವೆ ನುಸುಳಿ ಒಳಗೆ ಹೋಗಬೇಕಿತ್ತಾದ್ದರಿಂದ ಹೆಂಗಸರು ಆ ಕಡೆ ತಲೆ ಹಾಕುತ್ತಿರಲಿಲ್ಲ. ತಿಮ್ಮಕ್ಕನ ಗಂಡ ಕೂಸಪ್ಪ ಬಳಗದ ಹಳೆಯ ಸದಸ್ಯ. ಹೆಂಗಸರಿಗೆ ಬೇರೆಯೇ ದಾರಿ ಬೇಕೆಂದು ಅವರು ಮೀಟಿಂಗಿನಲ್ಲಿ ಹೇಳಿದರು. ಎಲ್ಲರೂ ಒಪ್ಪಿದರು. ಆದರೆ ಅಲ್ಲಿ ನಿಲ್ಲುವವರು ಯಾರು ಎಂದಾಗ ಒಬ್ಬೊಬ್ಬರೂ ಕಾಲಬುಡ ನೋಡತೊಡಗಿದರು. ಕೂಸಪ್ಪ ಮನೆಗೆ ಬಂದು ಇದನ್ನು ಹೇಳಿಕೊಂಡಾಗ ತಿಮ್ಮಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ತಾನು ನಿಲ್ಲುತ್ತೇನೆ ಎಂದರು, ತಲೆ ಎತ್ತದೆ. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ.

ಅತ್ತೆಗೆ ಇದು ಸರಿ ಬರಲಿಲ್ಲ. ಮನೆಯ ಸೊಸೆ ಮೈದಾನದಲ್ಲಿ ನಿಂತು ಟಿಕೆಟು ಹರಿಯುವುದೆಂದರೆ ಊರವರು ಏನೆಂದಾರು ಎಂದು ಎರಡು ದಿನ ಮಾತು ಬಿಟ್ಟರು. ಮೂರನೆಯ ವರ್ಷ ಅದೇ ಅತ್ತೆ ಹಳದಿ ಟಿಕೆಟು ಹಿಡಿದುಕೊಂಡು ಸಾಲಿನಲ್ಲಿ ಬಂದು ನಿಂತರು. ತಿಮ್ಮಕ್ಕ ಅದನ್ನು ಎಲ್ಲರದ್ದರಂತೆಯೇ ಅರ್ಧಕ್ಕೆ ಹರಿದು ಒಳಗೆ ಬಿಟ್ಟರು. ಇಬ್ಬರೂ ನಗಲಿಲ್ಲ. ಮನೆಗೆ ಬಂದ ಮೇಲೆ ನಕ್ಕರು.

ಹೆಂಗಸರ ಟಿಕೆಟು ಹಳದಿ, ಗಂಡಸರದ್ದು ಗುಲಾಬಿ. ಬೆವರು ತಾಗಿದರೆ ಬಣ್ಣ ಬಿಡುವಂಥ ತೆಳು ಕಾಗದ. ಸಂಜೆಗೆ ತಿಮ್ಮಕ್ಕನ ಬೆರಳೆಲ್ಲ ಅರಸಿನ ಕಲಸಿದ ಹಾಗೆ ಇರುತ್ತಿತ್ತು. ಗೇಟಿಗೆ ಅಡ್ಡವಾಗಿ ಒಂದು ಬಿದಿರು ಕಟ್ಟುತ್ತಿದ್ದರು. ಅದರ ಅಡಿಯಲ್ಲಿ ತಲೆ ತಾಗದೆ ನಡೆದು ಹೋಗುವ ಮಕ್ಕಳಿಗೆ ಟಿಕೆಟು ಬೇಡ. ಏಳನೇ ಕ್ಲಾಸಿನ ಹುಡುಗಿಯರು ಮೊಣಕಾಲು ಮಡಚಿ, ಲಂಗ ನೆಲಕ್ಕೆ ಎಳೆಯುವಷ್ಟು ಕುಗ್ಗಿ ನುಸುಳುತ್ತಿದ್ದರು. ತಿಮ್ಮಕ್ಕ ಆಗ ಬೇರೆ ಕಡೆ ನೋಡುತ್ತಿದ್ದರು. ಮೈದಾನದ ಸುತ್ತ ಹೆಣೆದ ತೆಂಗಿನ ಮಡಲಿನ ತಟ್ಟಿ ಇದ್ದುದರಿಂದ ಗೇಟಿನಲ್ಲಿ ನಿಂತವರಿಗೆ ಗ್ಯಾಲರಿಯ ತುದಿ ಕಂಡರೂ ಅಂಕಣ ಕಾಣುತ್ತಿರಲಿಲ್ಲ. ಚೆಂಡು ತಟ್ಟಿಗಿಂತ ಮೇಲೆ ಎದ್ದಾಗ ಮಾತ್ರ ಕಾಣುತ್ತಿತ್ತು. ಅಷ್ಟರಲ್ಲೇ, ಒಳಗಿನ ಬೊಬ್ಬೆಯಿಂದಲೇ, ಯಾರಿಗೆ ಪಾಯಿಂಟು ಹೋಯಿತೆಂದು ಅವರು ಹೇಳುತ್ತಿದ್ದರು.

ಹೆಂಗಸರ ಗ್ಯಾಲರಿ ಕಟ್ಟುವವರು ಕೂಸಪ್ಪ. ಅಡಿಕೆ ಮರದ ಕಾಂಡಗಳನ್ನು ಹಗ್ಗದಲ್ಲಿ ಬಿಗಿದು, ಎಂಟು ಮೆಟ್ಟಿಲು ಏರಿಸಿ, ಕೊನೆಗೆ ತಾವೇ ಮೇಲೆ ಹತ್ತಿ ನಾಲ್ಕು ಸಲ ಕುಣಿದು ನೋಡುತ್ತಿದ್ದರು. ಮುನ್ನೂರು ಜನಕ್ಕೆ ತೊಂದರೆಯಿಲ್ಲ, ಅದಕ್ಕಿಂತ ಹೆಚ್ಚು ಬಿಡಬೇಡ ಎಂದು ಹೆಂಡತಿಗೆ ಪ್ರತಿ ವರ್ಷ ಹೇಳುತ್ತಿದ್ದರು.

ತೊಂಬತ್ತೇಳರ ಪಂದ್ಯಾಟದಲ್ಲಿ ಕೇರಳದಿಂದ ಒಳ್ಳೆಯ ಎರಡು ತಂಡಗಳು ಬಂದಿದ್ದವು. ಮಧ್ಯಾಹ್ನಕ್ಕೇ ಹಳದಿ ಟಿಕೆಟು ಮುಗಿಯಿತು. ಗೇಟಿನ ಹೊರಗೆ ಇನ್ನೂ ಅರವತ್ತು ಎಪ್ಪತ್ತು ಹೆಂಗಸರು. ಕೆಲವರು ಎರಡು ಬಸ್ಸು ಬದಲಿಸಿ ಬಂದವರು, ಕೆಲವರ ಸೊಂಟದಲ್ಲಿ ಮಕ್ಕಳು. ಮುಂದೆ ನಿಂತ ಒಬ್ಬ ಹೆಂಗಸು ಬಿದಿರು ಹಿಡಿದುಕೊಂಡು, ಸ್ವಲ್ಪ ಒತ್ತಿ ಕೂತರೆ ಆಗುವುದಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದಳು. ತಿಮ್ಮಕ್ಕ ಅವಳ ಮುಖ ನೋಡಿದರು, ಅವಳ ಹಿಂದಿನವರ ಮುಖಗಳನ್ನೂ ನೋಡಿದರು. ಬಿದಿರು ಎತ್ತಿದರು.

ಅರ್ಧ ಗಂಟೆ ಕಳೆದಿರಲಿಕ್ಕಿಲ್ಲ. ಒಣಮರ ಸೀಳುವಂಥ ಸದ್ದಾಯಿತು. ಗ್ಯಾಲರಿಯ ಎಡಬದಿ ನಿಧಾನವಾಗಿ, ಎಮ್ಮೆ ಮಲಗಿದ ಹಾಗೆ ಕುಸಿಯಿತು. ಯಾರ ಜೀವವೂ ಹೋಗಲಿಲ್ಲ. ಹತ್ತು ಹನ್ನೆರಡು ಮಂದಿಗೆ ತರಚು ಗಾಯ. ಬಿದಿರು ಹಿಡಿದು ಕೇಳಿದ್ದ ಆ ಹೆಂಗಸಿನ ಬಲಗೈ ಮುರಿಯಿತು. ಅವಳನ್ನು ಜೀಪಿನಲ್ಲಿ ಪುತ್ತೂರಿಗೆ ಕರೆದೊಯ್ದರು.

ಮರುದಿನ ಗಂಡ ಹೆಂಡತಿ ಒಂದು ಗೊನೆ ಕದಳಿ ಹಿಡಿದುಕೊಂಡು ಆಸ್ಪತ್ರೆಗೆ ಹೋದರು. ಅವಳ ಹೆಸರು ಕುಂಞಿಪಾತುಮ್ಮ, ನೆಲ್ಯಾಡಿಯವಳು, ಬೆಳ್ಳಾರೆಗೆ ತಂಗಿಯ ಮನೆಗೆ ಬಂದಿದ್ದವಳು ಎಂದು ಅಲ್ಲಿ ಗೊತ್ತಾಯಿತು. ತಿಮ್ಮಕ್ಕ ತಪ್ಪು ತನ್ನದೆಂದರು. ಕುಂಞಿಪಾತುಮ್ಮ ಪ್ಲಾಸ್ಟರಿನ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದಳು.

"ನೀವು ಬಿಟ್ಟದ್ದು ನಾನು ಕೇಳಿದ್ದಕ್ಕಲ್ವಾ ಅಕ್ಕ," ಎಂದಳು. "ನನ್ನ ಕೈ ಅಲ್ಲದೆ ಬೇರೆ ಯಾರ ಕೈ ಮುರಿಯುದು?"

ಅವರಿಬ್ಬರ ಸ್ನೇಹ ಅಲ್ಲಿಂದ ಶುರುವಾಯಿತು. ನೆಲ್ಯಾಡಿಯಿಂದ ಪ್ರತಿ ವರ್ಷ ಅವಳು ಬರುತ್ತಿದ್ದಳು, ಹಿಂದಿನ ದಿನವೇ ಬಂದು ತಿಮ್ಮಕ್ಕನ ಮನೆಯಲ್ಲಿ ಉಳಿಯುತ್ತಿದ್ದಳು. ಆದರೆ ಕೂಸಪ್ಪ ಆಮೇಲೆ ಗ್ಯಾಲರಿ ಕಟ್ಟಲಿಲ್ಲ. ಬಳಗದವರು ಬಾಡಿಗೆಗೆ ಕಬ್ಬಿಣದ ಮೆಟ್ಟಿಲು ತರಿಸತೊಡಗಿದರು. ಕೂಸಪ್ಪ ತೀರಿಕೊಂಡು ಈಗ ಒಂಬತ್ತು ವರ್ಷ. ತನ್ನಿಂದಾಗಿ ಅವರ ಕೈಕೆಲಸ ನಿಂತಿತು ಎಂಬುದನ್ನು ತಿಮ್ಮಕ್ಕ ಯಾರೊಡನೆಯೂ ಹೇಳಿದವರಲ್ಲ. ಗೇಟಿನಲ್ಲಿ ಮಾತ್ರ ನಿಲ್ಲುತ್ತಲೇ ಇದ್ದರು. ಪ್ರತಿ ವರ್ಷ ಟಿಕೆಟು ಮುಗಿಯುವ ಹೊತ್ತಿಗೆ ಅವರಿಗೆ ಆ ಕುಸಿತದ ಸದ್ದು ನೆನಪಾಗುತ್ತಿತ್ತು. ಆದರೂ ಪ್ರತಿ ವರ್ಷ ನಾಲ್ಕೈದು ಮಂದಿಯನ್ನಾದರೂ ಟಿಕೆಟಿಲ್ಲದೆ ಬಿಟ್ಟುಬಿಡುತ್ತಿದ್ದರು. ಬಿಟ್ಟ ಮೇಲೆ ಪಂದ್ಯಾಟ ಮುಗಿಯುವ ತನಕ ಗ್ಯಾಲರಿಯ ಕಡೆ ಕಿವಿ ಕೊಟ್ಟು ನಿಲ್ಲುತ್ತಿದ್ದರು.

ಕಳೆದ ವರ್ಷ ಜನ ಸೇರಿದ್ದು ಅತಿಯಾಯಿತು. ಎಷ್ಟು ಜನ ಒಳಗಿದ್ದಾರೆಂದು ಪೊಲೀಸರು ಕೇಳಿದಾಗ ಹೇಳಲು ಯಾರಿಗೂ ತಿಳಿಯಲಿಲ್ಲ. ಹಾಗಾಗಿ ಈ ಸಲ ಟಿಕೆಟೆಲ್ಲ ಆನ್‌ಲೈನಿನಲ್ಲೇ ಎಂದು ಬಳಗ ತೀರ್ಮಾನಿಸಿತು. ಅದನ್ನು ತಿಮ್ಮಕ್ಕನಿಗೆ ತಿಳಿಸುವ ಕೆಲಸ ಕಾರ್ಯದರ್ಶಿ ಜಯಪ್ರಕಾಶನ ಪಾಲಿಗೆ ಬಂತು. ಅವನು ಹೈಸ್ಕೂಲು ಮೇಷ್ಟ್ರು. ಬಂದು ಕೂತು, ಚಾ ಕುಡಿದು, ಕರಿಮೆಣಸಿನ ಕೊಯ್ಲಿನ ಬಗ್ಗೆ ಕೇಳಿ, ಮೊಣಕಾಲು ನೋವಿನ ಬಗ್ಗೆ ಕೇಳಿ, ಕೊನೆಗೆ ವಿಷಯಕ್ಕೆ ಬಂದ. ವಾಟ್ಸಾಪಿನಲ್ಲಿ ಲಿಂಕ್ ಬರುತ್ತದೆ, ಹೆಸರು, ಊರು, ನಂಬರು ಹಾಕಿದರೆ ಟಿಕೆಟು ಮೊಬೈಲಿಗೇ ಬರುತ್ತದೆ, ಗೇಟಿನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆಯಿತು. ಗಂಡಸರಿಗೆ ಆರುನೂರು ಟಿಕೆಟು, ಹೆಂಗಸರಿಗೆ ಮುನ್ನೂರು ಎಂದು ವಿವರಿಸಿದ.

"ಮುನ್ನೂರು ಆದ ಮೇಲೆ ಎಂತ ಆಗ್ತದೆ?" ಎಂದು ತಿಮ್ಮಕ್ಕ ಕೇಳಿದರು.

"ತನ್ನಷ್ಟಕ್ಕೇ ಬಂದ್ ಆಗ್ತದೆ ತಿಮ್ಮಕ್ಕ. ಯಾರು ಕೇಳಿದ್ರೂ ಕೊಡುದಿಲ್ಲ."

"ಅದಕ್ಕೆ ಮುಖ ನೋಡ್ಲಿಕ್ಕೆ ಬರುದಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಒಳ್ಳೆದು. ಮಾಡಿ."

ಅವರಿಗೆ ಬೇಸರ ಆದೀತೆಂದು ಹೆದರಿ ಬಂದಿದ್ದ ಜಯಪ್ರಕಾಶ, ಈ ವರ್ಷ ಅವರು ನಿಲ್ಲಬೇಕಾಗಿಲ್ಲ, ಮುಂದಿನ ಸಾಲಿನಲ್ಲಿ ಕೂತು ಆಟ ನೋಡಬೇಕು, ಹೆಂಗಸರ ಮೊದಲ ಟಿಕೆಟು ಅವರ ಹೆಸರಿನಲ್ಲೇ ಮಾಡಿಸಿದ್ದೇನೆ ಎಂದಷ್ಟೇ ಹೇಳಿ ಎದ್ದ. ಅವನು ಹೋದ ಮೇಲೆ ತಿಮ್ಮಕ್ಕ ಚಾದ ಲೋಟ ತೊಳೆಯದೆ ತುಂಬ ಹೊತ್ತು ಜಗಲಿಯಲ್ಲೇ ಕೂತಿದ್ದರು. ಹಗುರವೂ ಆಗಿತ್ತು, ಕೈ ಖಾಲಿಯಾದ ಹಾಗೆಯೂ ಅನಿಸಿತ್ತು.

ಪಂದ್ಯಾಟದ ದಿನ ಅವರು ಕುಂಞಿಪಾತುಮ್ಮನ ಜೊತೆ ಹೊರಟರು. ಅವಳ ಟಿಕೆಟನ್ನು ಮಗ ಸಿದ್ದೀಕ್ ನೆಲ್ಯಾಡಿಯಿಂದಲೇ ಮಾಡಿಸಿ ಕಳಿಸಿದ್ದ. ಗೇಟಿನಲ್ಲಿ ಜಯಪ್ರಕಾಶನ ಮಗಳು ಭವಿತಾ ಇದ್ದಳು, ಪುತ್ತೂರಿನಲ್ಲಿ ಡಿಗ್ರಿ ಓದುವವಳು. ಮೊಬೈಲಿಗೆ ಮೊಬೈಲು ಹಿಡಿದಳು, ಕೀಂ ಎಂದಿತು, ಹೋಗಿ ಅಜ್ಜಿ ಎಂದಳು. ನೂಕಾಟ ಇಲ್ಲ, ಬೈಗಳ ಇಲ್ಲ. ಎರಡು ನಿಮಿಷದಲ್ಲಿ ಇಬ್ಬರೂ ಮುಂದಿನ ಸಾಲಿನಲ್ಲಿದ್ದರು.

ತಿಮ್ಮಕ್ಕ ಪೂರ್ತಿ ಅಂಕಣವನ್ನು ಕೂತು ನೋಡಿದ್ದು ಅಂದೇ ಮೊದಲು. ಚೆಂಡು ನೆಲಕ್ಕೆ ಬೀಳುವ ಮೊದಲು ಆಟಗಾರರು ಹೇಗೆ ಎದೆ ಕೊಟ್ಟು ಜಾರುತ್ತಾರೆ, ಅಂಗೈಗೆ ಮಣ್ಣು ಹೇಗೆ ಮೆತ್ತಿಕೊಳ್ಳುತ್ತದೆ, ಪಾಯಿಂಟು ಹೋದಾಗ ಒಬ್ಬನ ಬೆನ್ನನ್ನು ಇನ್ನೊಬ್ಬ ಹೇಗೆ ತಟ್ಟುತ್ತಾನೆ ಎಂಬುದನ್ನೆಲ್ಲ ಬೆರಗಾಗಿ ನೋಡಿದರು. ಕೂಸಪ್ಪ ಪ್ರತಿ ವರ್ಷ ಮನೆಗೆ ಬಂದು ಊಟದ ಹೊತ್ತಿಗೆ ವರ್ಣಿಸುತ್ತಿದ್ದದ್ದು ಇದನ್ನೇ. ಆಗ ಸುಸ್ತಿನಲ್ಲಿ ಅರ್ಧವೂ ಕೇಳಿಸಿಕೊಳ್ಳುತ್ತಿರಲಿಲ್ಲವಲ್ಲ ಎಂದು ನೆನಪಾಯಿತು. ಕುಂಞಿಪಾತುಮ್ಮ ಬುತ್ತಿಯಿಂದ ಒಂದು ತುಂಡು ಹಲ್ವ ತೆಗೆದು ಅವರ ಕೈಯಲ್ಲಿಟ್ಟಳು.

ಮೂರು ಗಂಟೆಗೆ ಕಾಲೇಜು ಹುಡುಗಿಯರ ಪಂದ್ಯ. ಅದಕ್ಕೆ ಸ್ವಲ್ಪ ಮೊದಲು ತಿಮ್ಮಕ್ಕನ ಕಣ್ಣು ಗೇಟಿನ ಕಡೆ ಹೋಯಿತು. ಹೊರಗೆ ಒಬ್ಬರು ವಯಸ್ಸಾದವರು ಭವಿತಾಳಿಗೆ ಏನೋ ಹೇಳುತ್ತಿದ್ದರು. ಭವಿತಾ ತಲೆ ಅಲ್ಲಾಡಿಸುತ್ತಿದ್ದಳು, ಅವಳ ಮುಖ ಅಳುವ ಹಾಗಿತ್ತು. ತಿಮ್ಮಕ್ಕ, ಇದು ಈಗ ತನ್ನ ಗೇಟಲ್ಲ ಎಂದುಕೊಂಡರು. ಆಮೇಲೆ ಎದ್ದು ಹೋದರು.

ಬಂದವರ ಹೆಸರು ಸೀತು, ಕಡಬದ ಆಚೆಯವರು. ಮೊಮ್ಮಗಳು ಪ್ರೀತಿಕಾ ಈ ಪಂದ್ಯದಲ್ಲಿ ಆಡುತ್ತಾಳೆಂದು ಬೆಳಗ್ಗೆ ಯಾರೋ ಹೇಳಿದ್ದರಂತೆ. ಅವಳಿಗೂ ತಿಳಿಸದೆ ಎರಡು ಬಸ್ಸು ಹಿಡಿದು ಬಂದಿದ್ದರು. ಅವರ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಸಣ್ಣ ಮೊಬೈಲು. ಆನ್‌ಲೈನ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಹಿಂದೆ ಟಿಕೆಟಿಲ್ಲದ ಇನ್ನೂ ಮೂವರಿದ್ದರು.

"ಮುನ್ನೂರು ಫುಲ್ ಆಗಿದೆ ಅಜ್ಜಿ," ಎಂದು ಭವಿತಾ ಮೊಬೈಲು ತೋರಿಸಿದಳು. "ನಾನೆಂತ ಮಾಡುದು?"

ಎರಡು ಬಸ್ಸು ಬದಲಿಸಿ ಬಂದವರ ಮುಖ ಹೇಗಿರುತ್ತದೆಂದು ತಿಮ್ಮಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಆ ಮೊಬೈಲನ್ನೇ ನೋಡುತ್ತಾ ನಿಂತರು.

"ಹೊರಗೆ ಹೋದವರನ್ನು ಇದರಲ್ಲಿ ಕಳೀಲಿಕ್ಕೆ ಆಗ್ತದಾ?"

"ಆಗ್ತದೆ."

"ಹಾಗಾದ್ರೆ ನನ್ನನ್ನು ಕಳಿ. ಇವರನ್ನು ಸೇರ್ಸು."

ಸೀತು ಬೇಡವೆಂದು ಹಿಂದೆ ಸರಿದರು. ತಿಮ್ಮಕ್ಕ ಅವರ ಕೈ ಹಿಡಿದು, ಮುಂದಿನ ಸಾಲಿನಲ್ಲಿ ಹಸಿರು ಶಾಲು ಹೊದ್ದವರ ಪಕ್ಕ ಕೂರಿ, ಆಟ ಅರ್ಥ ಆಗದಿದ್ದರೆ ಅವರು ಹೇಳಿಕೊಡುತ್ತಾರೆ ಎಂದು ಕಳಿಸಿದರು. ಕುಂಞಿಪಾತುಮ್ಮ ದೂರದಿಂದಲೇ ನೋಡಿ, ಕೈ ಬೀಸಿ ಜಾಗ ಮಾಡಿಕೊಟ್ಟಳು.

ಉಳಿದ ಮೂವರು ಈಗ ತಿಮ್ಮಕ್ಕನ ಮುಖ ನೋಡಿದರು. ಅವರಲ್ಲಿ ಒಬ್ಬರು ಇಪ್ಪತ್ತು ವರ್ಷದಿಂದ ಬರುತ್ತಿದ್ದವರು, ಮುಖ ಪರಿಚಯ ಇತ್ತು, ಹೆಸರು ಗೊತ್ತಿರಲಿಲ್ಲ. ಜಾಗ ಇಲ್ಲ, ಬಿಡಲಿಕ್ಕೆ ಆಗುವುದಿಲ್ಲ ಎಂದು ತಿಮ್ಮಕ್ಕ ಮೆಲ್ಲಗೆ ಹೇಳಿದರು. ತಿಮ್ಮಕ್ಕ ಮೊದಲಾದರೆ ಹೀಗೆ ಹೇಳುತ್ತಿರಲಿಲ್ಲ ಎಂದು ಆಕೆ ಹೇಳಿದ್ದು ಮೆಲ್ಲಗಲ್ಲ. ಮೂವರೂ ರಸ್ತೆಯ ಕಡೆ ನಡೆದರು. ಅವರು ಬಸ್ಸು ಹತ್ತುವ ತನಕ ತಿಮ್ಮಕ್ಕ ನೋಡುತ್ತಲೇ ಇದ್ದರು. ಆ ಮಾತು ನಾಟಿತ್ತು. ಆದರೆ ಆ ದಿನ ಅವರು ಒಮ್ಮೆಯೂ ಗ್ಯಾಲರಿಯ ಕಡೆ ಕಿವಿ ಕೊಡಲಿಲ್ಲ. ಭವಿತಾಳ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಸಂಜೆಯ ತನಕ ಆರಾಮವಾಗಿದ್ದರು.

ಪ್ರೀತಿಕಾಳ ತಂಡ ಸೋತಿತು. ಅಜ್ಜಿಯನ್ನು ಕಂಡ ಹುಡುಗಿ ಸೋತದ್ದನ್ನೂ ಮರೆತು ಓಡಿ ಬಂದಳು ಎಂದು ಕುಂಞಿಪಾತುಮ್ಮ ಆಮೇಲೆ ಹೇಳಿದಳು.

ಮುಂದಿನ ವಾರ ಬಳಗದ ಮೀಟಿಂಗಿನಲ್ಲಿ ಜಯಪ್ರಕಾಶ ಈ ಮಾತು ಎತ್ತಿದ. ಹೆಂಗಸರ ಮುನ್ನೂರರಲ್ಲಿ ಇಪ್ಪತ್ತನ್ನು ಮೊಬೈಲು ಇಲ್ಲದವರಿಗೆಂದು ಗೇಟಿನಲ್ಲೇ ಇಡುವುದು, ಆ ಇಪ್ಪತ್ತನ್ನು ತಿಮ್ಮಕ್ಕ ಕೊಡುವುದು, ಅದು ಮುಗಿದರೆ ಮುಗಿಯಿತು ಎಂದು ಎಲ್ಲರೂ ಒಪ್ಪಿದರು. ತಿಮ್ಮಕ್ಕ ಒಂದು ಷರತ್ತು ಹಾಕಿದರು. ಆ ಮೊಬೈಲಿನ ಕೆಲಸವನ್ನು ತನಗೂ ಕಲಿಸಬೇಕು.

ಕಲಿಯಲು ಅವರು ಒಂದು ಭಾನುವಾರ ಜಯಪ್ರಕಾಶನ ಮನೆಗೆ ಹೋದರು. ಮೊದಲ ಹತ್ತು ಸಲ ಅವರ ಹೆಬ್ಬೆರಳು ಕ್ಯಾಮರಾಕ್ಕೇ ಅಡ್ಡ ಬಂತು. ಹನ್ನೊಂದನೆಯ ಸಲ ಕೀಂ ಎಂದಿತು. ಭವಿತಾ ಚಪ್ಪಾಳೆ ತಟ್ಟಿದಳು. ಹಾಗೇ ಏನೇನೋ ತೋರಿಸುತ್ತಾ, ಅಂದು ಬಂದವರ ಹೆಸರೆಲ್ಲ ಇದರಲ್ಲೇ ಇದೆ ಎಂದಳು.

"ಎಲ್ಲರದ್ದು ಉಂಟಾ?"

"ಎಲ್ಲರದ್ದು."

ತಿಮ್ಮಕ್ಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ನಲವತ್ತು ವರ್ಷ ಅವರು ನೋಡಿದ್ದು ಮುಖಗಳನ್ನು. ಮೂಗುತಿಯವಳು, ಕೆಮ್ಮುವವಳು, ಅವಳಿ ಮಕ್ಕಳ ತಾಯಿ, ಪ್ರತಿ ವರ್ಷ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗುತ್ತಿದ್ದವಳು. ಯಾರ ಹೆಸರನ್ನೂ ಕೇಳಲು ಪುರುಸೊತ್ತಾಗಿರಲಿಲ್ಲ. ಓದಲಿಕ್ಕೆ ಹೇಳಿದರು. ಭವಿತಾ ಮೊದಲಿದ್ದ ತಿಮ್ಮಕ್ಕನ ಹೆಸರು ದಾಟಿ ಓದತೊಡಗಿದಳು. ಹೇಮಶ್ರೀ, ಬೆಳ್ಳಾರೆ. ದೇವಕಿ, ಕಲ್ಲುಗುಂಡಿ. ಜೋಹರಾ, ಪುತ್ತೂರು. ಒಂದೊಂದು ಹೆಸರಿಗೂ ತಿಮ್ಮಕ್ಕ ಕಣ್ಣು ಮುಚ್ಚಿ ಒಂದು ಮುಖವನ್ನು ಹುಡುಕುತ್ತಿದ್ದರು. ಕೆಲವು ಸಿಗುತ್ತಿದ್ದವು, ಕೆಲವು ಸಿಗುತ್ತಿರಲಿಲ್ಲ. ಒಳಗಿನಿಂದ ಊಟಕ್ಕೆ ಕರೆ ಬಂತು.

"ಸ್ವಲ್ಪ ನಿಲ್ಲು," ಎಂದು ತಿಮ್ಮಕ್ಕ ಹುಡುಗಿಯ ಮೊಣಕೈ ಹಿಡಿದರು. "ಎಷ್ಟಾಯ್ತು?"

"ಅರವತ್ತೆರಡು ಅಜ್ಜಿ."

"ಉಳಿದದ್ದೂ ಓದು. ನಿಧಾನಕ್ಕೆ ಓದು."