ಕಣ್ಣು ಮುಚ್ಚಿ ಆಡಿದ ಮಾತು

ನಾನು ಪ್ರಾರ್ಥನೆಗೆ ನಿಂತರೆ ಅನ್ನ ಆರಿಹೋಗುತ್ತದೆ ಅಂತ ನಮ್ಮ ಮಸ್ಕಿ ಚರ್ಚಿನ ಸಭೆಯಲ್ಲಿ ಎಲ್ಲರೂ ಚೇಷ್ಟೆ ಮಾಡುತ್ತಿದ್ದರು. ನನಗೋ ಒಳಗೊಳಗೇ ಹೆಮ್ಮೆ. ಎರಡು ತಿಂಗಳಿಗೊಮ್ಮೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರಿನ ಸಭೆಗಳು ಕೂಡಿ ಕೂಟ ನಡೆಸುತ್ತಿದ್ದವು. ನಮ್ಮೂರು ನಡುವೆ ಇರುವುದರಿಂದ ಬಹಳ ಸಲ ನಮ್ಮಲ್ಲೇ. ಸಿಂಧನೂರಿನವರು ಅಕ್ಕಿ ತರುತ್ತಿದ್ದರು, ಲಿಂಗಸುಗೂರಿನವರು ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಸಾರು ನಮ್ಮದು. ಊಟಕ್ಕೆ ಮುಂಚೆ ಯಾರ್ಯಾರ ಮನೆಯಲ್ಲಿ ಏನು ಕಷ್ಟವಿದೆಯೋ ಅದನ್ನೆಲ್ಲ ಒಬ್ಬರು ಎದ್ದು ನಿಂತು, ದೊಡ್ಡ ದನಿಯಲ್ಲಿ ದೇವರ ಮುಂದಿಡುವುದು ರೂಢಿ. ಆ ಕೆಲಸ ನನ್ನದು.

ಆ ದಿನ ಬೆಳಿಗ್ಗೆ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದಾಗ ಲಿಂಗಸುಗೂರಿನ ಅಕ್ಕ ಪಕ್ಕಕ್ಕೆ ಬಂದು ಕೂತಳು. ಒಡಹುಟ್ಟಿದವಳಲ್ಲ, ಕೂಟದಲ್ಲೇ ಪರಿಚಯವಾಗಿ, ಬರಬರುತ್ತ ಅಕ್ಕನೇ ಆಗಿಬಿಟ್ಟಿದ್ದಳು. ಆಕೆಯ ಮಗಳಿಗೆ ಸಿಂಧನೂರು ಸಭೆಯ ಹುಡುಗನ ಜೊತೆ ಲಗ್ನದ ಮಾತು ನಡೆದಿತ್ತು.

"ತಂಗಿ, ಹುಡುಗಿಗೆ ಸಣ್ಣಾಕಿ ಇದ್ದಾಗಿಂದ ಮೂರ್ಛೆ ಬರ್ತಿತ್ತು. ಗುಳಿಗಿ ತಗೊಳ್ಳಾಕತ್ತಾಳ, ಈಗ ಆರಾಮ ಅದಾಳ. ಮುಚ್ಚಿಟ್ಟು ಲಗ್ನ ಮಾಡಬಾರದು. ಇವತ್ತು ಊಟ ಆದಮ್ಯಾಲ ಹುಡುಗನ ಅವ್ವಗ ನಾನ ಹೇಳ್ತೀನಿ. ನನಗ ಧೈರ್ಯ ಬರ್ಲಿ ಅಂತ ಪ್ರಾರ್ಥನೆ ಮಾಡು."

"ಮಾಡ್ತೀನಿ ಬಿಡಕ್ಕ," ಅಂದೆ.

ಮಾಡಿದೆ ನೋಡಿ! ಎಲ್ಲರೂ ಕಣ್ಣು ಮುಚ್ಚಿದ್ದರು. ಜ್ವರದವರು, ಕೆಲಸ ಸಿಗದವರು, ಒಬ್ಬೊಬ್ಬರನ್ನೇ ದೇವರಿಗೆ ಒಪ್ಪಿಸುತ್ತ ಬಂದೆ. ಜನ "ಸ್ತೋತ್ರ, ಸ್ತೋತ್ರ" ಅಂದಷ್ಟೂ ನನಗೆ ಹುರುಪು. "ತಂದೆಯೇ, ಲಿಂಗಸುಗೂರಿನ ಅಕ್ಕನ ಮಗಳನ್ನು ಮುಟ್ಟು. ಚಿಕ್ಕಂದಿನಿಂದ ಕಾಡುವ ಆ ಮೂರ್ಛೆರೋಗದಿಂದ ಬಿಡಿಸು. ಬೀಗರಿಗೆ ಅದನ್ನು ಹೇಳಲು ತಾಯಿಗೆ ಧೈರ್ಯ ಕೊಡು…" ಸ್ತೋತ್ರ ಅನ್ನುತ್ತಿದ್ದವರು ಸುಮ್ಮನಾದರು. ಆಗಲಾದರೂ ನನಗೆ ತಿಳಿಯಬೇಡವೇ? ದೇವರಿಗೆ ಹೇಳಿದ್ದು ಮನುಷ್ಯರ ಕಿವಿಗೂ ಬೀಳುತ್ತದೆ ಅನ್ನುವಷ್ಟು ಬುದ್ಧಿ ನನಗಿರಲಿಲ್ಲ. ಆಮೆನ್ ಅಂದು ಕಣ್ಣು ತೆರೆದರೆ ಹುಡುಗನ ಅವ್ವ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

ಅಕ್ಕ ಹಿಂದೆಯೇ ಓಡಿದಳು. "ನಾನ ಹೇಳಾಕಿ ಇದ್ದೆ ರೀ, ಇವತ್ತ ಹೇಳಾಕಿ ಇದ್ದೆ."

"ಮೂರು ಊರು ಕೇಳಿದಮ್ಯಾಲ ನನಗೇನ್ ಹೇಳ್ತೀರಿ?" ಅಂದು ಆಕೆ ಬಸ್ಸಿಗೆ ಹೋದಳು. ಸಂಬಂಧ ಮುರಿಯಿತು. ಅಕ್ಕ ತಂದ ರೊಟ್ಟಿಯ ಗಂಟನ್ನು ಅವತ್ತು ಯಾರೂ ಬಿಚ್ಚಲಿಲ್ಲ.

ಜಗಳ, ಬೈಗುಳ ಏನೂ ಆಗಲಿಲ್ಲ. ಮುಂದಿನ ಕೂಟಕ್ಕೆ ಲಿಂಗಸುಗೂರಿನಿಂದ ನಾಲ್ಕೇ ಜನ ಬಂದರು, ಅದರ ಮುಂದಿನದಕ್ಕೆ ಪಾಸ್ಟರ್ ಒಬ್ಬರೇ. ಈಗ ಮೂರೂ ಊರಿನವರು ತಮ್ಮ ತಮ್ಮ ಊರಲ್ಲೇ ಉಣ್ಣುತ್ತಾರೆ.

ಅಕ್ಕನ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ನಾಚಿಕೆ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಸುಳ್ಳು, ಅದು ಸೊಕ್ಕು. ದೇವರ ಹತ್ತಿರ ಕ್ಷಮೆ ಕೇಳಿ ಮುಗಿಸಿದ್ದೆ, ಅದು ಸುಲಭವಿತ್ತು. ಕೊನೆಗೆ ಹೋದೆ. ಮಗಳು "ಚಿಗವ್ವ, ಆರಾಮಿದ್ದೀರಿ?" ಅಂತ ಮೊದಲಿನ ಹಾಗೆಯೇ ಕೇಳಿ ಚಾ ತಂದುಕೊಟ್ಟಳು. ನಾನು ಲೋಟ ಕೆಳಗಿಟ್ಟೆ.

"ತಪ್ಪಾಗ್ಯಾದ ಅಕ್ಕ, ದೊಡ್ಡ ತಪ್ಪು."

"ಆಗಿದ್ದು ಆತು ಬಿಡು. ಚಾ ಆರ್ತಾದ, ಕುಡಿ," ಅಂದಳು.

ವಿಶ್ವಾಸಿಗಳ ಮನೆಯಿಂದ ಪ್ರಾರ್ಥನೆ ಮಾಡದೆ ಏಳುವುದು ನಮ್ಮಲ್ಲಿಲ್ಲ. ಹೆದರುತ್ತಲೇ ಕೇಳಿದೆ. "ಮಾಡು," ಅಂದಳು ಅಕ್ಕ. ಮೂವರೂ ಎದ್ದು ನಿಂತೆವು. ಕಣ್ಣು ಮುಚ್ಚಿದೆ, ಅನ್ನ ಆರುವ ತನಕ ಪ್ರಾರ್ಥಿಸುವವಳಿಗೆ ನಾಲ್ಕು ಮಾತು ಹೊಂದಿಸಲಾಗಲಿಲ್ಲ. ಹೇಗೋ ಆಮೆನ್ ಅಂದು ಕಣ್ಣು ತೆರೆದೆ. ಮಗಳು ಕಣ್ಣು ಮುಚ್ಚಿ ತಲೆ ಬಾಗಿಸಿದ್ದಳು. ಅಕ್ಕ ಮಾತ್ರ ಅವಳ ಕೈ ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಬಿಟ್ಟು, ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.